ಪಾಲುನೋವಿನ ಕಾಲದ ಚಾಂಪಿಯನ್

ಹುಬ್ಬಳ್ಳಿ, ಎರಡು ಸಾವಿರದ ಇನ್ನೂರ ಹದಿನೇಳನೆಯ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ತಾರೀಖು.

ನಮಗಿಂತ ಮೊದಲು ಬಾಳಿದ ನಿಮಗೆ ಮೌನೇಶ್ವರಿ ಬಡಿಗೇರಳ ನಮಸ್ಕಾರ. ತಾರೀಖು ನೋಡಿ ತಲೆಕೆಡಿಸಿಕೊಳ್ಳಬೇಡಿ. ಪಂದ್ಯಗಳಿಗೆ ದಿನ ಸಾಲುವುದಿಲ್ಲವೆಂದು ನಮ್ಮವರು ವರ್ಷಕ್ಕೆ ಆಟದ ತಿಂಗಳೊಂದನ್ನು ಸೇರಿಸಿಕೊಂಡಿದ್ದಾರೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ. ಒಮ್ಮೊಮ್ಮೆ ಗೊತ್ತಿರುವ ಪದಗಳೇ ನನ್ನ ಬಾಯಿಗೆ ಬರುವುದಿಲ್ಲ, ಅದನ್ನೂ ಕ್ಷಮಿಸಿ. ನಾನು ಹಗುರ ತೂಕದಲ್ಲಿ ಜಗತ್ತಿನ ವೃತ್ತಿಪರ ಬಾಕ್ಸಿಂಗ್ ಚಾಂಪಿಯನ್ ಆಗಿದ್ದವಳು. ತಲೆಗೆ ಬಿದ್ದ ಪೆಟ್ಟುಗಳು ಪಟ್ಟದ ಜೊತೆಗೇ ಬಂದವು.

ನಮ್ಮ ಕಾಲದಲ್ಲಿ ಬಾಕ್ಸಿಂಗ್ ನೋಡಲು ಬಂದವರು ಮಣಿಕಟ್ಟಿಗೆ ಪಟ್ಟಿಯೊಂದನ್ನು ಕಟ್ಟಿಕೊಂಡು ಕೂರುತ್ತಾರೆ. ರಿಂಗಿನಲ್ಲಿ ನನಗೆ ಬಿದ್ದ ಪೆಟ್ಟಿನಲ್ಲಿ ನೂರಕ್ಕೊಂದು ಪಾಲು ಅವರ ಮೈಗೂ ತಾಗುತ್ತದೆ. ಇದಕ್ಕೆ ಪಾಲುನೋವು ಎನ್ನುತ್ತೇವೆ. ಇದನ್ನು ಕಂಡುಹಿಡಿದವರು ಕೆಟ್ಟವರಲ್ಲ. ನೋಡುವವರಿಗೂ ನೋವಾದರೆ ಕರುಣೆ ತಾನಾಗಿ ಬರುತ್ತದೆಂದು ನಂಬಿದವರು. ಅರ್ಧ ಜನ ತಾಳಲಾರದೆ ಪಟ್ಟಿ ಬಿಚ್ಚಿದರೆ ಪಂದ್ಯ ನಿಲ್ಲಬೇಕೆಂದು ಕಾನೂನೇ ಆಯಿತು. ಮೂಲೆಯಲ್ಲಿ ನಿಂತ ಗುರು ಟವೆಲ್ ಎಸೆದು ಪಂದ್ಯ ನಿಲ್ಲಿಸಿ ತನ್ನವರನ್ನು ಉಳಿಸಿಕೊಳ್ಳುವ ನಿಮ್ಮ ಕಾಲದ ಪದ್ಧತಿ ಇನ್ನೇಕೆಂದು ಅದನ್ನು ತೆಗೆದುಹಾಕಿದರು.

ನನಗೆ ಆಟ ಕಲಿಸಿದವರು ದಾವಲಸಾಬ ನದಾಫ್. ಹಳೆಯ ರೈಲು ಶೆಡ್ಡಿನಲ್ಲಿ ಗೋಣಿಚೀಲ ತೂಗುಹಾಕಿ ಕಲಿಸುತ್ತಿದ್ದರು. "ಬಾಕ್ಸಿಂಗ್ ಅಂದ್ರ ಮೊದ್ಲು ತಪ್ಪಿಸ್ಕೊಳ್ಳೋದವ್ವ, ಹೊಡಿಯೋದು ಆಮ್ಯಾಗ" ಎಂಬುದೊಂದೇ ಅವರ ಪಾಠ. ನಾನು ತಪ್ಪಿಸಿಕೊಳ್ಳುವುದರಲ್ಲಿ ಎಷ್ಟು ಪಳಗಿದ್ದೆನೆಂದರೆ ಎದುರಾಳಿಗಳು ಗಾಳಿಗೆ ಗುದ್ದಿ ಗುದ್ದಿ ಸುಸ್ತಾಗಿ ಬೀಳುತ್ತಿದ್ದರು. ರಾಜ್ಯ ಗೆದ್ದೆ, ದೇಶ ಗೆದ್ದೆ, ಸಿಂಗಪುರದಲ್ಲಿ ಏಷ್ಯಾದ ಪಟ್ಟವೂ ಸಿಕ್ಕಿತು. ಮೂಗು ಮುರಿಯದೆ ಇಷ್ಟು ದೂರ ಬಂದವಳು ನಾನೊಬ್ಬಳೇ ಎಂಬ ಸೊಕ್ಕೂ ಇತ್ತು. ಆದರೆ ನನ್ನ ಪಂದ್ಯಗಳಲ್ಲಿ ಅರ್ಧ ಕುರ್ಚಿ ಖಾಲಿ. ಪೆಟ್ಟೇ ತಿನ್ನದವಳಿಂದ ಜನಕ್ಕೆ ಯಾವ ಪಾಲು ಸಿಗಬೇಕು? ಮಣಿಕಟ್ಟು ತಣ್ಣಗಿದ್ದರೆ ಅವರು ಆಕಳಿಸುತ್ತಾರೆ. ಕೊನೆಗೆ ಪಂದ್ಯ ಏರ್ಪಡಿಸುವ ಕಂಪನಿಯ ಮನುಷ್ಯ ಮನೆಗೇ ಬಂದು, ಅವ್ವ ಕೊಟ್ಟ ಚಹಾ ಕುಡಿಯುತ್ತ, "ನೀವು ಗೆಲ್ಲೋದು ಯಾರಿಗೂ ತಟ್ಟವಲ್ದು ಮೇಡಂ. ಮುಖಕ್ಕ ಅಡ್ಡ ಹಿಡಿಯೋ ಕೈ ಒಂದೀಟು ಇಳಸ್ರಿ" ಎಂದ. ಇಳಿಸದಿದ್ದರೆ ವಿಶ್ವ ಪಟ್ಟದ ಪಂದ್ಯವೇ ಸಿಗುವುದಿಲ್ಲವೆಂದೂ ಹೇಳಿದ.

ಇಳಿಸಿದೆ. ದಾವಲಸಾಬರು ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಬಂದು ಅಭ್ಯಾಸಕ್ಕೆಂದು ನನ್ನ ಕೈಗೆ ಬಟ್ಟೆ ಸುತ್ತಿದರು. ಅಲ್ಲಿಂದಾಚೆಗೆ ನನ್ನ ಹೆಸರು ಊರೂರಿಗೆ ಹಬ್ಬಿತು. ದವಡೆಗೆ ಬಿದ್ದ ಗುದ್ದು ಹೇಗಿತ್ತು, ಪಕ್ಕೆಗೆ ಬಿದ್ದದ್ದು ಹೇಗಿತ್ತು ಎಂದು ಜನ ಖಾನಾವಳಿಯಲ್ಲಿ ಕೂತು ಊಟದ ರುಚಿಯಂತೆ ಮಾತಾಡಿಕೊಳ್ಳುತ್ತಿದ್ದರು. ಥೂ! ಅಭಿಮಾನಿಗಳಂತೆ ಇವರು!

ವಿಶ್ವ ಪಟ್ಟದ ಪಂದ್ಯ ಹುಬ್ಬಳ್ಳಿಯಲ್ಲೇ ನಡೆಯಿತು. ಎಂಟನೆಯ ಸುತ್ತಿಗೆ ಬಲಗಣ್ಣು ಮುಚ್ಚಿಹೋಯಿತು. ಒಂಬತ್ತನೆಯದು ಮುಗಿದಾಗ ನಾನು ನನ್ನ ಮೂಲೆ ಬಿಟ್ಟು ಎದುರಾಳಿಯ ಮೂಲೆಗೆ ಹೋಗಿ ಕೂತೆನಂತೆ. ಜನ ನಕ್ಕರಂತೆ. ದಾವಲಸಾಬರು ಹೆಗಲ ಮೇಲಿನ ಟವೆಲನ್ನು ರಿಂಗಿನೊಳಗೆ ಎಸೆದೇಬಿಟ್ಟರು. ರೆಫರಿ ಅದನ್ನು ಕಾಲಿನಿಂದ ಸರಿಸಿ, ಎಷ್ಟು ಜನ ಪಟ್ಟಿ ಬಿಚ್ಚಿದ್ದಾರೆಂದು ಫಲಕ ನೋಡಿದ. ಬೆರಳೆಣಿಕೆಯಷ್ಟು. ಪಂದ್ಯ ಮುಂದುವರಿಯಿತು. ಅಂಕಗಳ ಮೇಲೆ ನಾನೇ ಗೆದ್ದೆ. ಸೊಂಟಕ್ಕೆ ಚಾಂಪಿಯನ್ ಬೆಲ್ಟ್ ಕಟ್ಟುವಾಗ ಯಾರನ್ನು ಸೋಲಿಸಿದೆನೆಂಬುದು ನನಗೆ ನೆನಪಿರಲಿಲ್ಲ.

ನಿಜಸಂಗತಿ ಆಮೇಲೆ ಹೊರಬಿತ್ತು. ಮರುದಿನ ತಲೆನೋಯುತ್ತದೆಂದು ನೋಡುಗರು ಗೊಣಗಿದ್ದಕ್ಕೆ ಕಂಪನಿಯವರು ಪಟ್ಟದ ಪಂದ್ಯಕ್ಕೂ ಮೊದಲೇ ಪಾಲುನೋವನ್ನು ಸದ್ದಿಲ್ಲದೆ ತೆಳುಮಾಡಿ, ಮೇಲೊಂದಿಷ್ಟು ಕಚಗುಳಿ ಬೆರೆಸಿದ್ದರು. ಇದಕ್ಕೆ ಈಗ ಹದನೋವು ಎಂಬ ಹೆಸರಿದೆ. ಶಿಕ್ಷೆ ಯಾರಿಗೂ ಆಗಲಿಲ್ಲ. ಜನಕ್ಕೆ ಹದನೋವೇ ಬೇಕಂತೆ.

ನನ್ನ ಬಲಗಣ್ಣು ಹೋಯಿತು. ಕೈ ನಡುಗುತ್ತದೆ, ಕಲಸಿದ ರೊಟ್ಟಿ ಪಲ್ಯ ಬಾಯಿಗೆ ಮುಟ್ಟುವುದರೊಳಗೆ ಚೆಲ್ಲುತ್ತದೆ. ಅವ್ವನೇ ಉಣಿಸುತ್ತಾಳೆ. ಪಂದ್ಯದ ಮರುದಿನ ಆಸ್ಪತ್ರೆಯಲ್ಲಿ ನನ್ನ ಹಾಸಿಗೆಯ ಪಕ್ಕ ಕೂತು ಅವಳು ನಿಜವಾದ ಬೆರಗಿನಿಂದಲೇ ಕೇಳಿದ್ದಳು: "ನನಗೇನ ಅಷ್ಟು ನೋವಾಗ್ಲಿಲ್ಲಲ್ಲವ್ವ, ನಿನಗ್ಯಾಕ ಹಿಂಗಾತು?"

ಅವಳ ಮೇಲೆ ನನಗೆ ಸಿಟ್ಟಿದೆ. ಅದನ್ನು ನಿಮ್ಮ ಹತ್ತಿರವಲ್ಲದೆ ಇನ್ನಾರ ಹತ್ತಿರವೂ ಹೇಳುವಂತಿಲ್ಲ, ಏಕೆಂದರೆ ತುತ್ತು ಕೊಡುವವಳು ಅವಳೇ. ನಿಮ್ಮ ಕಾಲದಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದ ಇಂಥ ಪಟ್ಟಿ ಮಾಡಲು ಕೂತಿದ್ದರೆ ದಯವಿಟ್ಟು ತಡೆಯಿರಿ. ಆಗದಿದ್ದರೆ ತಾಯಂದಿರಿಗಾದರೂ ಅದನ್ನು ಕಟ್ಟಬೇಡಿ. ಚಿಕ್ಕಂದಿನಲ್ಲಿ ನಾನು ಶಾಲೆಯಿಂದ ಬಂದು ಹೊಸ್ತಿಲು ದಾಟುವ ಮೊದಲೇ, ದೂರದಿಂದ ಮುಖ ನೋಡಿ ನನಗೆ ಜ್ವರ ಬಂದಿದೆಯೆಂದು ಹೇಳುತ್ತಿದ್ದವಳು ಅವಳು. ಪಟ್ಟದ ಪಂದ್ಯದ ದಿನ ಮೊದಲ ಸಾಲಿನಲ್ಲೇ ಕೂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಪಟ್ಟಿ ಬಿಚ್ಚಲಿಲ್ಲ.