ಪರೀಕ್ಷೆಯಲ್ಲಿ ಪಾಸಾದದ್ದು ನನ್ನ ಕಾಲು

ಚಾಲನಾ ಪರವಾನಗಿಗಳಿಗೆ ಕೊನೆಯ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳಿಗೆ ಕಾರು ಓಡಿಸಲು ಬರುತ್ತದೆ, ತಿರುಗಿಸಲು ಬರುತ್ತದೆ, ಹಿಂದಕ್ಕೆ ತೆಗೆಯಲೂ ಬರುತ್ತದೆ. ಓಡುತ್ತಿರುವ ಕಾರನ್ನು ನಿಲ್ಲಿಸಲು ಮಾತ್ರ ಬರುವುದಿಲ್ಲ. ಬರುತ್ತದೆ ಎಂದು ಹನ್ನೆರಡು ವರ್ಷಗಳ ಹಿಂದೆ ನಿಮ್ಮ ಕಚೇರಿ ಮೊಹರು ಒತ್ತಿ ಕಾರ್ಡು ಕೊಟ್ಟಿದೆ. ಬರುತ್ತದೆ ಎಂದು ನಿಮ್ಮನ್ನು ನಂಬಿಸಿದವನು ನಾನು. ಅವಳಿಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರೂ ನಾನೇ, ಅವಳ ಅಪ್ಪನೂ ನಾನೇ. ಕಳೆದ ತಿಂಗಳು ಅವಳ ಮನೆಗೆ ಹೊಸ ಗಾಡಿ ಬಂದಿದೆ. ಬರುವ ಸೋಮವಾರ ರಜೆ ಮುಗಿದು ಶಾಲೆ ತೆರೆಯುತ್ತದೆ. ಅಂದು ಬೆಳಿಗ್ಗೆ ಎಂಟೂವರೆಗೆ ಅವಳು ಮೊದಲ ಸಲ ದೊಡ್ಡವರಾರೂ ಜೊತೆಗಿಲ್ಲದೆ, ಎರಡು ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಆ ಗಾಡಿಯನ್ನು ಶಾಲೆಯ ಬೀದಿಗೆ ಒಯ್ಯುತ್ತಾಳೆ. ಆದ್ದರಿಂದ ಈ ಪತ್ರವನ್ನು ಓದುವ ಕೃಪೆ ಮಾಡುವುದಿದ್ದರೆ ಸೋಮವಾರಕ್ಕೆ ಮೊದಲೇ ಮಾಡಿ. ಇದನ್ನು ಪತ್ರಿಕೆಗೆ ಕೊಟ್ಟಿರುವುದೂ ಅದಕ್ಕೇ. ನಿಮ್ಮ ಟಪಾಲು ವಿಭಾಗದಲ್ಲಿ ಕಾಗದಗಳು ಚಲಿಸುವ ವೇಗ ನನಗೆ ಗೊತ್ತು. ರಸ್ತೆಯ ಮೇಲೂ ಅದೇ ವೇಗವಿದ್ದಿದ್ದರೆ ನಾನು ನಿಮಗೆ ತೊಂದರೆ ಕೊಡುತ್ತಲೇ ಇರಲಿಲ್ಲ.

ಗಾಡಿಯ ಸಂಗತಿ ಹೇಳುತ್ತೇನೆ. ಎರಡನೆಯ ಮಗು ಹುಟ್ಟಿದ ಮೇಲೆ ಹಳೆಯ ಕಾರು ಸಾಲದಾಯಿತು. ಮಗುವಿನ ಸೀಟು, ತಳ್ಳುಗಾಡಿ, ಐದು ವರ್ಷದ ಮೊಮ್ಮಗಳು, ಮಂಡಿ ಬಗ್ಗದ ನನ್ನ ಬೀಗಿತ್ತಿ, ಇಷ್ಟೂ ಹಿಡಿಸುವ ಎತ್ತರದ ಗಾಡಿ ಬೇಕಿತ್ತು. ನ್ಯಾಯವಾದ ಬೇಡಿಕೆ. ನನ್ನ ಅಳಿಯ ದುಡುಕಿನವನಲ್ಲ, ಎರಡು ತಿಂಗಳು ಓದಿ ಕೇಳಿ ವಿಚಾರಿಸಿದ. ಶೋರೂಮಿನವನು ಮೊದಲು ಹಿಂದಿನ ಬಾಗಿಲು ತೆಗೆದು ಮಗುವಿನ ಸೀಟು ಸಿಕ್ಕಿಸುವ ಕೊಕ್ಕೆ ತೋರಿಸಿದನಂತೆ, ಆಮೇಲೆ ಸಾಮಾನಿಡುವ ಜಾಗ ತೋರಿಸಿದನಂತೆ, ಕೊನೆಗೆ ಮುಂದೆ ಕರೆದುಕೊಂಡು ಹೋಗಿ ಬಾನೆಟ್ ಎತ್ತಿದನಂತೆ. "ಫ್ಯಾಮಿಲಿ ಗಾಡಿ ಸರ್, ಆದ್ರೆ ಒಳಗಿರೋದು ರೇಸ್ ಕಾರು" ಎಂದನಂತೆ. ಅವರು ಕೊಟ್ಟ ಬಣ್ಣದ ಪುಸ್ತಕ ನಾನೂ ನೋಡಿದೆ. ಒಂದು ಪುಟದಲ್ಲಿ ನಿದ್ದೆ ಹೋದ ಹಸುಗೂಸು. ಎದುರು ಪುಟದಲ್ಲಿ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡೂ ಬೇಡ ಎಂಬ ಹೆಗ್ಗಳಿಕೆ. ಮಾನ್ಯರೇ, ಸಂಸಾರದ ಯಾವ ಕೆಲಸಕ್ಕೆ ಇಷ್ಟು ಅವಸರ? ಕೂಸಿಗೆ ಲಸಿಕೆ ಹಾಕಿಸಲಿಕ್ಕೋ, ಬೀಗಿತ್ತಿಯ ಮಂಡಿಗೆ ಎಣ್ಣೆ ತರಲಿಕ್ಕೋ?

ಗೇರಿನ ಪಕ್ಕ ಅದಕ್ಕೊಂದು ತಿರುಗಣೆಯಿದೆ. ಮೊದಲ ಮನೆಗೆ ಇಟ್ಟರೆ ಸಾಧುವಾಗಿ ಹೋಗುತ್ತದೆ. ಕೊನೆಯ ಮನೆಗೆ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಕೆಂಪಾಗಿ, ಹೊಟ್ಟೆಯೊಳಗಿಂದ ಗುರ್ ಎನ್ನುತ್ತದೆ. ಕಾಲಿಟ್ಟ ನೆಲ ಅದುರುತ್ತದೆ. ಮೊಮ್ಮಗಳು ಅದಕ್ಕೆ ಗುರ್ರಪ್ಪ ಎಂದು ಹೆಸರಿಟ್ಟಳು. ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಆಗಿನ್ನೂ ನನಗೆ ಏನೂ ಗೊತ್ತಿರಲಿಲ್ಲ.

ನಿಮ್ಮ ನಿಯಮಾವಳಿಗೆ ಗಾಡಿಯ ತೂಕ ಗೊತ್ತು, ಸೀಟುಗಳ ಲೆಕ್ಕ ಗೊತ್ತು. ಒಳಗೆ ಏನು ಕಟ್ಟಿಹಾಕಿದ್ದಾರೆಂದು ಅದು ಕೇಳುವುದಿಲ್ಲ. ನನ್ನ ಡ್ರೈವಿಂಗ್ ಶಾಲೆಯ ಕಾರಿಗೆ ಎಂಜಿನ್ನಿಗಿಂತ ಹಾರ್ನಿನ ತಾಕತ್ತು ಜಾಸ್ತಿ. ಏರು ಬಂದರೆ ನಾನು ಎ.ಸಿ. ಆರಿಸಬೇಕು, ಇಲ್ಲವಾದರೆ ಅದು ಪ್ರಾಣ ಬಿಡುತ್ತದೆ. ಆ ಕಾರಿನಲ್ಲಿ ಎಂಟರ ಆಕಾರ ಬರೆದು ತೋರಿಸಿದವರಿಗೆ ನೀವು ಕೊಡುವ ಕಾರ್ಡೇ ಗುರ್ರಪ್ಪನಿಗೂ ನಡೆಯುತ್ತದೆ. ಬಚ್ಚಲ ತೊಟ್ಟಿಯಲ್ಲಿ ಈಜಿದವನಿಗೆ ಸಮುದ್ರಕ್ಕೆ ಇಳಿಯಲು ಅಪ್ಪಣೆ ಚೀಟಿ! ಈ ನಿಯಮ ಬರೆದ ಮಹನೀಯರು ಎಂದಾದರೂ ಸ್ಟೀರಿಂಗ್ ಹಿಡಿದಿದ್ದರೇ, ಅಥವಾ ಸದಾ ಹಿಂದಿನ ಸೀಟಿನಲ್ಲೇ ಪ್ರಯಾಣಿಸಿದವರೇ?

ಆದರೆ ಕುಂಬಳಕಾಯಿ ಕಳ್ಳ ಎಂದರೆ ಮೊದಲು ನನ್ನ ಹೆಗಲನ್ನೇ ಮುಟ್ಟಿ ನೋಡಿಕೊಳ್ಳಬೇಕು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ, ನಿಮಗೆ ಗೊತ್ತಿದೆ. ಅದನ್ನು ಒತ್ತಿದರೆ ಕಲಿಯುವವರ ಕಾಲಡಿಯ ಬ್ರೇಕೂ ತಾನಾಗಿ ಕೆಳಗಿಳಿಯುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಕಳ್ಳ ಬ್ರೇಕ್ ಎನ್ನುತ್ತೇವೆ. ಕಲಿಯುವವರಿಗೆ ತಿಳಿಯದ ಹಾಗೆ, ಮೆಲ್ಲಗೆ, ಅವರಿಗಿಂತ ಅರೆಕ್ಷಣ ಮುಂಚೆ ಒತ್ತಬೇಕು. ಪೆಡಲು ಇಳಿಯಿತಲ್ಲ, ನಾನೇ ಒತ್ತಿದೆ ಎಂದುಕೊಳ್ಳುತ್ತಾರೆ. ಧೈರ್ಯ ಬರುತ್ತದೆ, ಹೆದರಿ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ. ಕೊನೆಯ ವಾರ ಮೇಷ್ಟ್ರು ಕಾಲು ಹಿಂದಕ್ಕೆಳೆದುಕೊಂಡು ಕೂರಬೇಕು. ಆ ವಾರದಲ್ಲೇ ಅವರು ನಿಜವಾಗಿ ಕಲಿಯುವುದು. ಬೇರೆಯವರ ಮಕ್ಕಳಿಗೆ ನಾನು ತಪ್ಪದೆ ಕಾಲು ತೆಗೆದಿದ್ದೇನೆ. ನನ್ನ ಮಗಳ ಪಕ್ಕ ಕೂತಾಗ ತೆಗೆಯಲಾಗಲಿಲ್ಲ. ನಾಳೆ ತೆಗೆಯೋಣ, ನಾಡಿದ್ದು ತೆಗೆಯೋಣ ಎನ್ನುತ್ತಲೇ ಪರೀಕ್ಷೆಯ ದಿನ ಬಂತು.

ಅಂದು ನಿಮ್ಮ ಇಲಾಖೆಯ ಪರೀಕ್ಷಕರು ಹಿಂದಿನ ಸೀಟಿನಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ನನ್ನ ಎಂದಿನ ಜಾಗದಲ್ಲಿದ್ದೆ. ಪರೀಕ್ಷೆಯ ಹೊತ್ತಿನಲ್ಲೂ ಮೇಷ್ಟ್ರು ಪಕ್ಕದಲ್ಲೇ ಕೂರಬಹುದು ಎಂಬುದು ನಿಮ್ಮದೇ ಔದಾರ್ಯ. ಇವಳು ನಿಮ್ಮ ಮಗಳೇ ಅಂತೆ, ಹಾಗಾದರೆ ನೋಡುವುದೇ ಬೇಡ ಎಂದು ಅವರು ತಮಾಷೆ ಮಾಡಿದರು. ಆಮೇಲೆ ನಿಜಕ್ಕೂ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿದರು. ಮೂರು ಕಡೆ ಕಾರು ನಿಲ್ಲಬೇಕಿತ್ತು. ಮೂರೂ ಕಡೆ ನಿಲ್ಲಿಸಿದ್ದು ನಾನು. ನೂರಕ್ಕೆ ತೊಂಬತ್ತು ಅಂಕ ಬಂತು, ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು.

ಅಲ್ಲಿಂದ ಈಚೆಗೆ ಅವಳು ಗಾಡಿ ಓಡಿಸಿದ್ದೆಲ್ಲ ನನ್ನ ಜೊತೆಗೆ, ನನ್ನ ಶಾಲೆಯ ಕಾರಿನಲ್ಲಿ, ಭಾನುವಾರಗಳಂದು. ಮದುವೆಯಾದ ಮೇಲೂ ಅಷ್ಟೇ. ಅವರ ಕಾರು ಅಳಿಯನ ಕೈಯಲ್ಲಿತ್ತು, ಅವಳು ಆಫೀಸಿನ ಬಸ್ಸಿಗೆ ಹೋಗುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಮುದ್ದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹನ್ನೆರಡು ವರ್ಷ ಅವಳ ಪರವಾಗಿ ಬ್ರೇಕ್ ಒತ್ತಿತು.

ಮೊನ್ನೆ ಭಾನುವಾರ ಬೆಳಿಗ್ಗೆ ಗುರ್ರಪ್ಪನಲ್ಲಿ ನಮ್ಮನ್ನೆಲ್ಲ ಒಂದು ಸುತ್ತು ಕರೆದೊಯ್ದಳು. ನಾನು ಮುಂದೆ, ನನ್ನ ಹೆಂಡತಿ ಹಿಂದೆ, ಮಕ್ಕಳಿಬ್ಬರ ನಡುವೆ. ಅಗಲವಾದ ಖಾಲಿ ರಸ್ತೆ. ಅವಳು ಕಾಲು ಸೋಕಿಸಿದ್ದಷ್ಟೇ, ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಂದೆ ರಸ್ತೆಯ ಬಿಳಿ ಪಟ್ಟೆಗಳ ಮೇಲೆ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಚೀಲ ಹಿಡಿದು ದಾಟುತ್ತಿದ್ದರು. ಮಗಳು ಅವರನ್ನು ನೋಡಿದಳು. ನೋಡಿದಳೆಂದು ಆಣೆ ಮಾಡಿ ಹೇಳುತ್ತೇನೆ, ಏಕೆಂದರೆ ಪಾಪ, ಎಷ್ಟು ಭಾರ ಹೊತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದಳು. ಕಾಲನ್ನು ತೆಗೆದು ಬ್ರೇಕಿನ ಮೇಲೆ ಇಟ್ಟಳು. ಇಟ್ಟು, ಕಾದಳು.

ಏನಕ್ಕೆ ಕಾಯುತ್ತಿದ್ದಾಳೆಂದು ಜಗತ್ತಿನಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಾಲು ಒತ್ತಿದೆ. ಕಾಲಡಿಯಲ್ಲಿ ಇದ್ದದ್ದು ಬರೀ ಮೆತ್ತನೆಯ ಹಾಸು. ಅಷ್ಟರಲ್ಲಿ ಎಲ್ಲಿಂದಲೋ ಕೀ ಎಂಬ ಸದ್ದು, ಬೆಲ್ಟುಗಳು ಎದೆಯನ್ನು ಬಿಗಿದವು, ಕೂಸು ಕಿರುಚಿತು, ಗಾಡಿ ತಾನೇ ತಾನಾಗಿ ನಿಂತಿತು. ಆ ಹೆಂಗಸಿಗೂ ಬಾನೆಟ್ಟಿಗೂ ನಡುವೆ ಒಂದು ಮೊಳ ಜಾಗ. ಬಾನೆಟ್ಟು ಅವರ ಎದೆಮಟ್ಟಕ್ಕಿತ್ತು. ಅವರು ಒಂದು ಚೀಲ ಕೆಳಗಿಟ್ಟು, ನಮ್ಮನ್ನು ನೋಡಿ, ಮತ್ತೆ ಎತ್ತಿಕೊಂಡು ಹೋದರು.

"ನೋಡಿದ್ಯಾ ಅಪ್ಪ? ತಾನೇ ನಿಂತ್ಕೊಳ್ತು," ಎಂದಳು ಮಗಳು.

ಅವಳ ಮುಖದಲ್ಲಿ ಹೆದರಿಕೆಯ ಸುಳಿವಿರಲಿಲ್ಲ. ಎದುರಿಗೆ ಅಡ್ಡ ಬಂದರೆ ಗಾಡಿಗಳು ತಾವೇ ನಿಲ್ಲುತ್ತವೆ ಎಂಬುದು ಅವಳ ಪಾಲಿಗೆ ಹೊಸ ಸುದ್ದಿಯೇನಲ್ಲ. ಅವಳು ಕಂಡ ಗಾಡಿಗಳೆಲ್ಲ ಹಾಗೇ ನಿಂತಿವೆ.

ಮನೆಗೆ ಬಂದು ಗಾಡಿಯ ದಪ್ಪ ಕೈಪಿಡಿಯನ್ನು ಮೊದಲ ಪುಟದಿಂದ ಓದಲು ಕೂತೆ. ಅಪಾಯ ಕಂಡರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ, ನಿಜ. ಮುನ್ನೂರನೆಯ ಪುಟ ದಾಟಿದ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ತಿರುಗಣೆ ಕೊನೆಯ ಮನೆಯಲ್ಲಿದ್ದಾಗ ಹಾಕಿಕೊಳ್ಳುವುದಿಲ್ಲ. ಭಾನುವಾರ ಅದು ಕೊನೆಯ ಮನೆಯಲ್ಲಿರಲಿಲ್ಲ, ಅದಕ್ಕೇ ಗಾಡಿ ನಿಂತಿತು. ಅದು ಪಂದ್ಯದ ಬಯಲಿನಲ್ಲಿ ನುರಿತ ಚಾಲಕರಿಗೆ ಮಾತ್ರವಂತೆ. ಮಾನ್ಯರೇ, ಆ ಕೊನೆಯ ಮನೆಯಲ್ಲಿಯೇ ಗುರ್ರಪ್ಪ ಗುರ್ ಎನ್ನುವುದು. ಮೊಮ್ಮಗಳು ಗಾಡಿ ಹತ್ತಿದಾಗಲೆಲ್ಲ ಎಬ್ಬಿಸಮ್ಮ, ಎಬ್ಬಿಸಮ್ಮ ಎಂದು ಪೀಡಿಸುವುದು ಅದಕ್ಕೇ. ಸೋಮವಾರ ಶಾಲೆಯ ಗೇಟಿನ ಮುಂದೆ, ನಿನ್ನ ಗೆಳತಿಯರೆಲ್ಲ ನೋಡುವ ಹಾಗೆ ಎಬ್ಬಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಾಳೆ. ನನ್ನ ಮಗಳು ಮಕ್ಕಳಿಗೆ ಕೊಟ್ಟ ಮಾತು ತಪ್ಪುವವಳಲ್ಲ.

ಆ ಬೀದಿಗೆ ನಿನ್ನೆ ಹೋಗಿ ನಿಂತು ಬಂದೆ. ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಬೀದಿ. ಒಂದು ಕಡೆ ಬೇಕರಿ, ಇನ್ನೊಂದು ಕಡೆ ಹಳದಿ ಬಳಿದ ಕಬ್ಬಿಣದ ಕಂಬಿ. ಶಾಲೆಯ ಗೋಡೆಯ ಮೇಲೆ ಮಕ್ಕಳ ಎತ್ತರ ಅಳೆಯುವ ಜಿರಾಫೆಯ ಚಿತ್ರವಿದೆ. ಟೇಪು ಹಿಡಿದು ನೋಡಿದೆ. ಒಂದನೇ ತರಗತಿಯ ಗುರುತು ಗುರ್ರಪ್ಪನ ಬಾನೆಟ್ಟಿಗಿಂತ ಕೆಳಗಿದೆ.

ಮಗಳಿಗೆ ಹೇಳಲಿಲ್ಲವೇ ಎಂದು ಕೇಳುತ್ತೀರಿ. ಹೇಳಿದೆ. ಕಳ್ಳ ಬ್ರೇಕಿನ ಕಥೆಯನ್ನೂ ನಾಚಿಕೆ ಬಿಟ್ಟು ಹೇಳಿದೆ. ಖಾಲಿ ಮೈದಾನಕ್ಕೆ ಬಾ, ಮೊದಲಿನಿಂದ ಕಲಿಸುತ್ತೇನೆ ಎಂದೆ. ಅವಳಿಗೆ ನೋವಾಯಿತು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡೇ ಒಳಗೆ ಹೋಗಿ, ಪರ್ಸಿನಿಂದ ಕಾರ್ಡು ತಂದು ಮೇಜಿನ ಮೇಲಿಟ್ಟಳು.

"ಇದರ ಮೇಲೆ ಸರ್ಕಾರದ ಮೊಹರಿದೆ ಅಪ್ಪ. ನಿನಗೆ ಈಗ ಯಾಕೋ ಭಯ ಶುರುವಾಗಿದೆ ಅಂತ ಇದು ಸುಳ್ಳಾಗುತ್ತಾ?"

ಅಳಿಯ ಮರ್ಯಾದಸ್ಥ. ಮಾವನವರಿಗೆ ವಯಸ್ಸಾಯಿತು ಎಂದು ಬಾಯಲ್ಲಿ ಹೇಳಲಿಲ್ಲ, ಆದರೆ ನನ್ನ ಬಿ.ಪಿ. ಮಾತ್ರೆಯ ಬಗ್ಗೆ ವಿಚಾರಿಸಿದ. ಅವನದು ಬೆಳಗಿನ ಪಾಳಿ, ಆರಕ್ಕೇ ಹಳೆಯ ಕಾರಿನಲ್ಲಿ ಮನೆ ಬಿಡುತ್ತಾನೆ. ನಾನು ಒಮ್ಮೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಅವರ ಹತ್ತಿರ ಇನ್ನೊಂದು ಕೀಲಿಯಿತ್ತು.

ಹಾಗಾಗಿ ನಿಮ್ಮ ಕಚೇರಿಗೆ ಬಂದೆ. ಏಳನೇ ಕಿಟಕಿಯ ಗುಮಾಸ್ತರು ತಾಳ್ಮೆಯಿಂದಲೇ ಕೇಳಿದರು. ಅಪಘಾತ ಎಲ್ಲಿ ಆಯಿತು? ಇನ್ನೂ ಆಗಿಲ್ಲ ಎಂದೆ. ಒಂದು ಅರ್ಜಿ ಕೊಟ್ಟರು. ಅದರಲ್ಲಿ ಅಪಘಾತದ ದಿನಾಂಕ, ಸ್ಥಳ, ಗಾಯಗೊಂಡವರು, ಮೃತಪಟ್ಟವರು ಎಂಬ ಖಾನೆಗಳಿದ್ದವು. ದಿನಾಂಕ ಖಾಲಿ ಬಿಡಲೇ ಎಂದು ಕೇಳಿದೆ.

"ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ ಯಜಮಾನ್ರೇ. ಆದ್ಮೇಲೆ ಬನ್ನಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ಕೇಳಿದ್ದೆ. ಸೂರೆ ಹೋದದ್ದಕ್ಕೆ ದಾಖಲೆ ತಾರದಿದ್ದರೆ ಬಾಗಿಲ ಹತ್ತಿರಕ್ಕೂ ಬರಬೇಡ ಎನ್ನುವ ಕಚೇರಿಯನ್ನು ಅಂದೇ ನೋಡಿದ್ದು. ಆ ಅರ್ಜಿ ನನ್ನ ಮೇಜಿನ ಮೇಲಿದೆ. ಖಾನೆಗಳು ಕಾಣದಂತೆ ಬೋರಲು ಹಾಕಿಟ್ಟಿದ್ದೇನೆ.

ಇನ್ನು ನನ್ನ ಬೇಡಿಕೆ. ಪರೀಕ್ಷೆಯ ಕಾರಿನಿಂದ ಮೇಷ್ಟ್ರುಗಳನ್ನು ಕೆಳಗಿಳಿಸಿ. ನನ್ನ ಹಾಗೆ ಕಾಲು ತೆಗೆಯದವರು ಎಷ್ಟು ಮಂದಿಯೋ, ಅವರು ಪಾಸು ಮಾಡಿಸಿದವರು ಇಂದು ಯಾವ ಗಾಡಿಯಲ್ಲಿ ಕೂತಿದ್ದಾರೋ, ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಪಂದ್ಯದ ಎಂಜಿನ್ನು ಹೊತ್ತ ಸಂಸಾರದ ಗಾಡಿಗಳಿಗೆ, ಅಂಥದೇ ಗಾಡಿಯಲ್ಲಿ ಬೇರೆ ಪರೀಕ್ಷೆ ಇಡಿ. ಇವಕ್ಕೆ ಸಮಿತಿ ಬೇಕು, ಸಭೆ ಬೇಕು, ಚಹಾ ಬೇಕು, ಆಗಲಿ, ಸಾವಕಾಶವಾಗಿ ಮಾಡಿ. ಆದರೆ ಒಂದು ಕೆಲಸವನ್ನು ಶನಿವಾರ ಸಂಜೆಯೊಳಗೆ ಮಾಡಲೇಬೇಕು. ನನ್ನ ಮಗಳ ಪರವಾನಗಿಯನ್ನು ರದ್ದು ಮಾಡಿ. ಮೋಸದಿಂದ ಪಡೆದದ್ದೆಂದು ನಾನು ಒಪ್ಪಿಕೊಂಡಿದ್ದೇನೆ, ಸಾಕ್ಷಿ ನಾನೇ. ಕಾರ್ಡಿನ ಸಂಖ್ಯೆಯನ್ನು ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ. ಅದರ ಜೊತೆಗೆ ನನ್ನ ಶಾಲೆಯ ಪರವಾನಗಿಯನ್ನೂ ಇಟ್ಟಿದ್ದೇನೆ. ಅಪ್ಪನ ಮಾತಿಗಿಂತ ನಿಮ್ಮ ಮೊಹರು ದೊಡ್ಡದೆಂದು ನಂಬಿರುವವಳು ನಿಮ್ಮ ಮೊಹರಿಗಾದರೂ ತಲೆಬಾಗುತ್ತಾಳೆ.

ಅವಳು ಇದನ್ನು ಓದುತ್ತಾಳೆ. ಊರಿಗೆಲ್ಲ ಮಾನ ಕಳೆದ ಎನ್ನುತ್ತಾಳೆ, ನನ್ನ ಜೊತೆ ಮಾತು ಬಿಡುತ್ತಾಳೆ. ಬಿಡಲಿ. ಮಾತು ಬಿಟ್ಟ ಮಗಳನ್ನು ದೂರದಿಂದಾದರೂ ನೋಡಿಕೊಂಡಿರಬಹುದು.

ಶನಿವಾರದೊಳಗೆ ನಿಮಗೆ ಪುರಸೊತ್ತಾಗದಿದ್ದರೆ, ಸೋಮವಾರ ಎಂಟೂಕಾಲಿಗೆ ಆ ಬೀದಿ ಶುರುವಾಗುವಲ್ಲಿ, ರಸ್ತೆಯ ನಟ್ಟನಡುವೆ ನಾನು ನಿಂತಿರುತ್ತೇನೆ. ಬಾನೆಟ್ಟಿನ ಮೇಲಿಂದ ಕಾಣುವಷ್ಟು ಎತ್ತರ ನನಗಿದೆ. ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ಕಲಿಸದೆ ಬಿಟ್ಟದ್ದನ್ನು ಅಂದು ಎದುರಿಗೆ ನಿಂತು ಕಲಿಸುತ್ತೇನೆ.

ಇಂತಿ, ನಿಮ್ಮ ಸಹಿಗಾಗಿ ಶನಿವಾರದವರೆಗೆ ಕಾಯುವ,
ಸ್ವಂತ ಮಗಳ ಮೇಲೆ ದೂರು ಕೊಟ್ಟ ಒಬ್ಬ ಡ್ರೈವಿಂಗ್ ಮೇಷ್ಟ್ರು