ಸೇತುವೆಯ ಬಳಿ ಕಾರಿರಲಿಲ್ಲ

ಪ್ರೀತಿಯ ಅಪ್ಪಾಜಿ,

ನಿನ್ನೆ ಕಾರಿನಲ್ಲಿ ಮನೆಗೆ ಬರುವಾಗ ಹೇಳಬೇಕಿದ್ದುದನ್ನು ಈಗ ಬರೆಯುತ್ತಿದ್ದೇನೆ.

ನಾನು ಪ್ಯಾರಾಗ್ಲೈಡಿಂಗಿಗೆ ಹೊಸ ಬಟ್ಟೆಯ ರೆಕ್ಕೆ ತಂದ ದಿನ "ಹಳೇದಕ್ಕೇನು ದಾಡಿ?" ಅಂತ ಕೇಳಿ ಎದ್ದು ಹೋಗಿದ್ದಿರಿ. ಹಳೆಯದು ಪ್ರತಿ ಸಲವೂ ನನ್ನನ್ನು ಗುಡ್ಡದ ಈಚೆಗೇ ಇಳಿಸಿಬಿಡುತ್ತಿತ್ತು. ನೀವು ಅಲ್ಲೇ ಸೇತುವೆಯ ಬಳಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಿರಿ. ನಿನ್ನೆ ಮೊದಲ ಸಲ ಹೊಸ ರೆಕ್ಕೆಯಲ್ಲಿ ಹಾರುತ್ತ ಮೇಲಿನಿಂದ ನೋಡಿದರೆ ಅಲ್ಲಿ ಕಾರೇ ಇಲ್ಲ. ಮುನಿಸಿಕೊಂಡು ಬಂದಿಲ್ಲ ಅಂದುಕೊಂಡೆ. ನನಗೂ ಸಿಟ್ಟು ಬಂತು. ಕಾಯುವವರೇ ಇಲ್ಲದ ಮೇಲೆ ಇಲ್ಲೇಕೆ ಇಳಿಯಲಿ ಎಂದು ಮುಂದಕ್ಕೆ ಹೊರಟೆ. ಹೊಸ ರೆಕ್ಕೆ ಚೂರೂ ತಕರಾರು ಮಾಡದೆ ಗುಡ್ಡ ದಾಟಿಸಿತು.

ಆಚೆ, ಕೊಯ್ಲಾದ ಹೊಲದಲ್ಲಿ ನಮ್ಮ ಕಾರು ನಿಂತಿತ್ತು. ಗಾಳಿಯ ದಿಕ್ಕು ನನಗೆ ಕಾಣಲೆಂದು ನಿಮ್ಮ ಕೆಂಪು ಟವೆಲ್ಲನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದಿರಿ. ನಾನು ಇಳಿದಾಗ ನೀವಂದದ್ದು ಒಂದೇ ಮಾತು: "ಎಷ್ಟೊತ್ತು ಕಾಯೋದು, ಟೀ ಆರಿಹೋಯ್ತು."

ಆರಿದ ಟೀ ಅಷ್ಟು ರುಚಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಟವೆಲ್ ಒಗೆದು ಕಾರಿನಲ್ಲಿಟ್ಟಿದ್ದೇನೆ. ಭಾನುವಾರ ಗಾಳಿ ಚೆನ್ನಾಗಿರುತ್ತದಂತೆ. ದಯವಿಟ್ಟು ಇನ್ನೂ ಸ್ವಲ್ಪ ದೂರ ಹೋಗಿ ನಿಂತಿರಿ.

ನಿಮ್ಮ ಮೊಂಡು ಮಗಳು