ಉಸಿರಿಗೆ ಹಾಕಿದ ಕೊಸರು

ನವೆಂಬರ್ ೩, ಬೆಳಗಿನ ೪:೪೦

ಬುಸ್ಸ್... ಹಾಲ್‌ನಿಂದ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ. ಎಚ್ಚರವಾಯಿತು. ನಿದ್ದೆಯಾದರೂ ಎಲ್ಲಿತ್ತು, ಸೃಷ್ಟಿಗೆ ಹಾಲು ಕುಡಿಸಿ ಆಗಷ್ಟೇ ಕಣ್ಣು ಮುಚ್ಚಿದ್ದೆ. ಮಗಳಿಗೆ ಏಳು ತಿಂಗಳು, ನನಗೆ ಏಳು ತಿಂಗಳ ಜಾಗರಣೆ.

ಎದ್ದು ನೋಡಿದರೆ ನಮ್ಮವರು, ರಾಜಶೇಖರ, ಚಾಪೆಯ ಮೇಲೆ ಅಂಗಾತ. ಕಣ್ಣಿಗೆ ಟವೆಲ್. ಒಬ್ಬರೇ ಉಸಿರು ಕಟ್ಟಿ ಮಲಗಿದ್ದಾರೆ. ಡಿಸೆಂಬರ್‌ನಲ್ಲಿ ಗೆಳೆಯ ಫೈಜಾನನ ಜೊತೆ ಮುರುಡೇಶ್ವರದ ಕಡಲಿಗೆ ಇಳಿಯಬೇಕಂತೆ, ಸಿಲಿಂಡರ್ ಇಲ್ಲದೆ. ಫ್ರೀಡೈವಿಂಗ್. ಅಮರಗೋಳ ಮಾರುಕಟ್ಟೆಯ ಕಾಳಿನ ಅಂಗಡಿಯಲ್ಲಿ ಹಗಲೆಲ್ಲ ಕಡಲೆಯ ಧೂಳು ಕುಡಿಯುವ ಮನುಷ್ಯ!

"ಒಬ್ರ ಮಾಡಬ್ಯಾಡ್ರಿ. ಗಡಿಯಾರ ನಾ ಹಿಡಿತೇನಿ."

"ನಿನಗ ನಿದ್ದಿ ಬ್ಯಾಡೇನು?"

"ನನ್ನ ನಿದ್ದಿ ನಿಮ್ಮ ಮಗಳು ಮಾಡಾಕತ್ತಾಳ."

ನಕ್ಕರು. ಎರಡು ನಿಮಿಷ ಐದು ಸೆಕೆಂಡ್.

ನವೆಂಬರ್ ೪

ಸಿಕ್ಕಿದ್ದೆಲ್ಲ ಓದಿದೆ. ಉಸಿರು ಕಟ್ಟಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಅದುರಲು ಶುರು. ಅಲ್ಲಿಂದ ಎಷ್ಟು ಮುಂದೆ ತಳ್ಳಬಹುದು — ಪ್ರಶ್ನೆ ಅಷ್ಟೇ. ತಳ್ಳಿದ್ದು ಹೆಚ್ಚಾದರೆ ಮೂರ್ಛೆ. ನೀರಿನೊಳಗೆ ಅದು ಹೇಳಿ ಬರುವುದಿಲ್ಲ. ವಾರಕ್ಕೆ ಹತ್ತು ಸೆಕೆಂಡ್ ಏರಿಸಿದರೆ ಸಾಕು ಅಂದೆ. ಅವರಿಗೆ ದಿನಕ್ಕೆ ಹತ್ತು ಬೇಕು.

ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದಿದ್ದು ಇದಕ್ಕಾದರೂ ಬಂತು. ಕೊನೆಯ ಪುಟದಲ್ಲಿ ದಿನದಿನದ ಸಮಯದ ಪಟ್ಟಿ ಹಾಕಿದ್ದೇನೆ.

ಅತ್ತೆ ಚನ್ನಬಸವ್ವನವರು ಹಣಿಕಿ ನೋಡಿ ಹೋದರು. "ಉಸುರು ಹಿಡದ್ರ ಯಾರರೆ ಪಗಾರ ಕೊಡ್ತಾರೇನವಾ?"

ನವೆಂಬರ್ ೯

ಎರಡು ನಿಮಿಷ ಮೂವತ್ತು. ತುಟಿ ನೀಲಿ. ಎದ್ದು ಕೂತವರಿಗೆ ಕ್ಷಣಕಾಲ ನನ್ನ ಗುರುತೂ ಹತ್ತಲಿಲ್ಲ. ಆಮೇಲೆ ಮೊದಲ ಮಾತು — "ಎಷ್ಟಾತು? ಇನ್ನೊಮ್ಮಿ."

ಬೇಡವೆಂದರೆ ಅಂಗಡಿಯ ಗೋದಾಮಿನಲ್ಲಿ ಒಬ್ಬರೇ ಮಾಡುತ್ತಾರೆ. ಗೊತ್ತು.

ನವೆಂಬರ್ ೧೦

ರೊಟ್ಟಿ ಬಡಿದು ಕೊಡುವ ಹುಲಿಗೆವ್ವನಿಗೆ ಅತ್ತೆ ಜೋಳ ಅಳೆಯುತ್ತಿದ್ದರು. ಒಂದು ಅನ್ನುವ ಬದಲು ಲಾಭ, ಆಮೇಲೆ ಎರಡು, ಮೂರು... ಎಣಿಸಿ ಮುಗಿಸಿ ಮೇಲೆ ಒಂದು ಬೊಗಸೆ ಕೊಸರು. "ಕೊಸರು ಹಾಕಿದ್ರ ತೊಗೊಳ್ಳಾಕಿ ಜಗಳಾ ತೆಗಿಯೂದಿಲ್ಲ ನೋಡು."

ನಿಂತಲ್ಲೇ ಹೊಳೆಯಿತು. ನಮ್ಮವರಿಗೆ ಬೇಕಾಗಿರುವುದು ಅಂಕಿ. ಕೊಟ್ಟರಾಯಿತು!

ನವೆಂಬರ್ ೧೧

ಗಡಿಯಾರದಲ್ಲಿ ಎರಡು-ಇಪ್ಪತ್ತೆಂಟು. "ಎರಡೂ-ನಲವತ್ತು ಆತು, ಬಿಡ್ರಿ," ಅಂದೆ. ಬಿಟ್ಟರು. ಅವರು ಟವೆಲ್ ಸರಿಸುವುದರೊಳಗೆ ರೀಸೆಟ್ ಒತ್ತಿದ್ದೆ. ಮುಖ ಎಷ್ಟು ಅರಳಿತು! ಇನ್ನೊಮ್ಮೆ ಅನ್ನಲೇ ಇಲ್ಲ. ತುಟಿ ಕೆಂಪಗೇ ಇತ್ತು.

ಪಟ್ಟಿಯಲ್ಲಿ ಈಗ ಎರಡು ಸಾಲು. ಖರೆಯದು, ಕೊಸರಿನದು.

ನವೆಂಬರ್ ೨೮

ಹದಿನೇಳು ದಿನ. ತುಟಿ ಒಮ್ಮೆಯೂ ನೀಲಿಯಾಗಿಲ್ಲ. ಖರೆ: ಎರಡು-ನಲವತ್ತೆಂಟು. ಹೇಳಿದ್ದು: ಮೂರು-ಇಪ್ಪತ್ತೈದು. ಎಷ್ಟು ತಳ್ಳಬೇಕೆಂದು ಈಗ ನಿರ್ಧರಿಸುವುದು ನಾನು. ರಾತ್ರಿ ಎರಡು ತಾಸು ಒಟ್ಟಿಗೆ ನಿದ್ದೆ ಮಾಡಿದೆ. ದೊಡ್ಡ ವಿಷಯ.

ಊಟಕ್ಕೆ ಕೂತಾಗ ಅವರು: "ಮೊದ್ಲ ಹೊಟ್ಟಿ ಅದುರಿದ್ರ ಅಂಜಿಕಿ ಬರತಿತ್ತು. ಈಗಿಲ್ಲ. ಅದುರಿದ ಮ್ಯಾಲೂ ಪೂರಾ ಒಂದೂವರಿ ನಿಮಿಷ ಐತಿ ನನ್ನ ಹತ್ರ."

ಒಂದೂವರೆ ಎಲ್ಲಿಯದು. ಐವತ್ತು ಸೆಕೆಂಡ್. ಸಾರು ಬಡಿಸಿದೆ.

ಡಿಸೆಂಬರ್ ೧೨

ಹೊರಟರು. ನಿನ್ನೆಯ ಕೊನೆಯ ಅಂಕಿ — ಹೇಳಿದ್ದು ಮೂರು-ಐವತ್ತು. ಖರೆ ಎರಡು-ಐವತ್ತೆಂಟು. ಹೇಳಿಬಿಡಲೇ ಅನ್ನಿಸಿತು, ಬ್ಯಾಗ್ ಜಿಪ್ ಎಳೆಯುವಾಗ. ಬೇಡ, ಹುರುಪಿನಲ್ಲಿದ್ದಾರೆ. ಫೈಜಾನ ಕೋರ್ಸ್ ಮಾಡಿದವನು, ಜೊತೆಗಿರುತ್ತಾನೆ. ಏನೂ ಆಗುವುದಿಲ್ಲ. ಅತ್ತೆ ವಿಭೂತಿ ಹಚ್ಚಿ ಕಳಿಸಿದರು. "ಮೀನಾ ಹಿಡಕೊಂಡು ಗಿಡಕೊಂಡು ಬಂದೀ ಮತ್ತ!" ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ.

ಡಿಸೆಂಬರ್ ೧೩, ರಾತ್ರಿ ೯:೩೦

ವಿಡಿಯೊ ಕಾಲ್. ಇಬ್ಬರೂ ಕಪ್ಪಗಾಗಿದ್ದಾರೆ. ಫೈಜಾನ ಫೋನ್ ಕಸಿದುಕೊಂಡ.

"ಭಾಬಿ, ನಾಳೆ ಆರಕ್ಕ ದೋಣಿ. ಎಂಟು ಮೀಟರ್ ಕೆಳಗ ಹಗ್ಗ ಹಿಡ್ಕೊಂಡು ಕೂಡ್ತಾನ ನಿಮ್ಮ ಸಾವ್ಕಾರ. ಗಡಿಯಾರ ಹಿಡದು ಮ್ಯಾಲೆ ನಾನು. ಮೂರೂ-ಹದಿನೈದರ ತನಕಾ ಎಬ್ಬಸಾಕ ಹೋಗೂದಿಲ್ಲ. ಮೂರೂ-ಐವತ್ತು ಪಕ್ಕಾ ಅಲ್ರಿ?"

ಪಕ್ಕದಲ್ಲಿ ಅತ್ತೆ. ಹೆಗಲ ಮೇಲೆ ಮಗು. ಪರದೆಯಲ್ಲಿ ಅವರ ಮುಖ, ಅಷ್ಟು ಹೆಮ್ಮೆ.

"ಪಕ್ಕಾ," ಅಂದೆ.

ರಾತ್ರಿ ೧೦:೧೦

ತೊಟ್ಟಿಲು ತೂಗುತ್ತ ಕಳೆದು ನೋಡಿದೆ. ಮೂರು-ಹದಿನೈದರಲ್ಲಿ ಎರಡು-ಐವತ್ತೆಂಟು. ಹದಿನೇಳು ಸೆಕೆಂಡ್. ಅದೂ ಚಾಪೆಯ ಲೆಕ್ಕ, ನೀರಿನದಲ್ಲ. ಹೊಟ್ಟೆ ಅದುರಿದರೂ ಅವರು ಮೇಲೆ ಬರುವುದಿಲ್ಲ — ಇನ್ನೂ ಒಂದೂವರೆ ನಿಮಿಷ ಇದೆ ಎಂದುಕೊಂಡಿರುತ್ತಾರೆ. ಆ ಧೈರ್ಯ ನಾನು ತುಂಬಿದ್ದು.

ಕಾಲ್ ಮಾಡಿದೆ. ಇಬ್ಬರದೂ ಸ್ವಿಚ್ ಆಫ್. ಡೈವ್‌ಗೆ ಮುಂಚೆ ಚೆನ್ನಾಗಿ ನಿದ್ದೆ ಆಗಬೇಕಂತೆ... ನಾನೇ ಓದಿ ಹೇಳಿದ್ದು. ಲಾಡ್ಜ್ ಹೆಸರು ಕೇಳಿಕೊಂಡಿಲ್ಲ.

ಡಿಸೆಂಬರ್ ೧೪, ನಸುಕಿನ ೨:೫೦

ಹತ್ತೊಂಬತ್ತು ಕಾಲ್. ಮೆಸೇಜಿಗೆಲ್ಲ ಒಂದೇ ಟಿಕ್. ವಾಯ್ಸ್ ಕಳಿಸಲು ಹೋದರೆ ಅಳುವೇ ರೆಕಾರ್ಡ್ ಆಗುತ್ತದೆ. ಪಟ್ಟಿಯ ಫೋಟೊ ಕಳಿಸಿದೆ. ಈ ಪುಟವನ್ನೂ ತೆಗೆದು ಕಳಿಸುತ್ತೇನೆ.

ರೀ, ಎಡಗಡೆ ಸಾಲು ಖರೇದು. ಬಲಗಡೆದು ನಾ ಹಾಕಿದ ಕೊಸರು. ಮೂರು ನಿಮಿಷ ನೀವು ಒಮ್ಮಿನೂ ದಾಟಿಲ್ಲ. ನಿಮ್ಮ ತುಟಿ ನೀಲಿ ಆಗಿದ್ದು ನೋಡಿ ಹಿಂಗ ಮಾಡಿದ್ನಿ. ಹೊಟ್ಟಿ ಅದುರಿದ ಕೂಡ್ಲೆ ಮ್ಯಾಲೆ ಬರ್ರಿ. ಇಲ್ಲಂದ್ರ ಇಳೀಲೇಬ್ಯಾಡ್ರಿ. ಫೈಜಾನಗೂ ತೋರಸ್ರಿ, ನಾಚಿಕಿ ಬ್ಯಾಡ.

ಬೆಳಗಾಗೂದ್ರಾಗ ಒಂದ್ ಫೋನ್ ಮಾಡ್ರಿ. ಬೈಯಾಕರೆ ಮಾಡ್ರಿ. ಎಷ್ಟು ಬೈದ್ರೂ ಕೇಳ್ತೇನಿ. ದೋಣಿ ಹತ್ತೂದಕ್ಕಿಂತ ಮೊದ್ಲ, ಫೋನ್ ಚಾಲೂ ಮಾಡಿದ ಕೂಡ್ಲೆ, ಒಂದ ಒಂದ್ ರಿಂಗ್ —